ಅಯಾನುಧಾರೆಯ ಮೂಲವಿಚಾರ

(ಮಹೋತ್ಸವದ ವಿಜ್ಞಾನಗೋಷ್ಠಿಯ ಉಪನ್ಯಾಸ)



ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬ ಈ ನಾಲ್ಕು ತಾಲ್ಲೂಕುಗಳು ಮಳೆಯ ವಿಷಯದಲ್ಲಿ ಬಡವಾದರೂ ಬಿಸಿಲಿನ ವಿಷಯದಲ್ಲಿ ಸಂಪನ್ನವಾದುವು. ಬಹುಕಾಲದವರೆಗೆ ಈ ಸಂಪತ್ತನ್ನು ಯಾರೂ ಸಂಪತ್ತೆಂದು ಎಣಿಸಲಿಲ್ಲ. ಬಿತ್ತಿದ ಕಡಲೆಕಾಯಿ ಹೂ ಕಚ್ಚುವ ಕಾಲದಲ್ಲಿ ಬಾಡಿದಾಗ ಜನರು ಅದನ್ನು ಶಾಪವೆಂದೇ ಕರೆದರು. ೨೦೧೮ರಲ್ಲಿ ಪಾವಗಡದ ತಿರುಮಣಿಯ ಸುತ್ತಮುತ್ತ ‘ಶಕ್ತಿಸ್ಥಳ’ವೆಂಬ ಸೌರವಿದ್ಯುತ್ ಕ್ಷೇತ್ರವು ಉದ್ಘಾಟಿತವಾಗಿ, ೨೦೧೯ರ ಕೊನೆಯ ಹೊತ್ತಿಗೆ ಸುಮಾರು ೧೩,೦೦೦ ಎಕರೆ ನೆಲದಲ್ಲಿ ೨,೦೫೦ ಮೆಗಾವಾಟ್ ಸಾಮರ್ಥ್ಯವನ್ನು ಪಡೆಯಿತು. ರೈತರ ನೆಲವನ್ನು ಕ್ರಯಕ್ಕೆ ಕೊಳ್ಳದೆ, ಎಕರೆಗೆ ವರ್ಷಕ್ಕೆ ೨೧,೦೦೦ ರೂಪಾಯಿಗಳಿಂದ ಮೊದಲ್ಗೊಂಡು ಗುತ್ತಿಗೆಗೆ ಪಡೆದುದು ಆ ಏರ್ಪಾಟಿನ ವಿಶೇಷ. ಶಾಪವೆನಿಸಿದ್ದ ಬಿಸಿಲೇ ಹೀಗೆ ಬೆಳೆಯಾಯಿತು.

ಆದರೆ ಸೂರ್ಯನು ಅಸ್ತಂಗತನಾದೊಡನೆ ಆ ಫಲಕಗಳೆಲ್ಲವೂ ಮಲಗುವುವು. ಹಗಲಿನ ಬೆಳೆಯನ್ನು ರಾತ್ರಿಗೆ ಕೂಡಿಡುವುದು ಒಂದು ದಾರಿ. ಸೂರ್ಯನು ಯಾವ ರೀತಿಯಿಂದ ಉರಿಯುತ್ತಿರುವನೋ ಆ ರೀತಿಯನ್ನೇ ಭೂಮಿಯ ಮೇಲೆ ಅನುಕರಿಸುವುದು ಇನ್ನೊಂದು ದಾರಿ. ಈ ಎರಡನೆಯ ದಾರಿಯನ್ನು ಹಿಡಿದವರು ಕೈಗೊಂಡ ಹಲವು ಸಾಧನಗಳಲ್ಲಿ ಒಂದು, ಪ್ರಬಲವಾದ ಅಯಾನುಧಾರೆ. ಆ ಧಾರೆಯು ಹುಟ್ಟತಕ್ಕ ಸ್ಥಾನವೇ ಮಿಡಿತದ ಪ್ಲಾಸ್ಮಾ ಮೂಲವು. ಈ ಮೂಲವನ್ನು ಹೇಗೆ ರಚಿಸುವರು, ಅದರಲ್ಲಿ ಎಲ್ಲಿ ಸೋತರು, ಆ ಸೋಲಿನಿಂದ ತಿಳಿದುಬಂದುದೇನು ಎಂಬುದೇ ಪ್ರಕೃತ ಉಪನ್ಯಾಸದ ವಿಷಯ.

ಮೊದಲು ಪ್ಲಾಸ್ಮಾ ಎಂದರೇನೆಂಬುದನ್ನು ತಿಳಿಯತಕ್ಕದ್ದು. ಮಂಜುಗಡ್ಡೆಗೆ ಶಾಖ ಕೊಟ್ಟರೆ ನೀರು, ನೀರಿಗೆ ಶಾಖ ಕೊಟ್ಟರೆ ಆವಿ. ಇದು ಎಲ್ಲರೂ ಬಲ್ಲ ಸಂಗತಿ. ಅನಿಲಕ್ಕೆ ಮತ್ತೂ ತೀವ್ರವಾದ ಶಾಖವನ್ನಾಗಲಿ ವಿದ್ಯುತ್ತಿನ ಪೆಟ್ಟನ್ನಾಗಲಿ ಕೊಟ್ಟರೆ ಅದರ ಪರಮಾಣುಗಳೇ ಒಡೆದು, ಹಗುರವಾದ ಎಲೆಕ್ಟ್ರಾನುಗಳು ಕಳಚಿಕೊಳ್ಳುವುವು. ಎಲೆಕ್ಟ್ರಾನನ್ನು ಕಳೆದುಕೊಂಡು ಧನವಿದ್ಯುತ್ತಿನಿಂದ ಕೂಡಿ ಉಳಿದ ಭಾರವಾದ ಕಣಕ್ಕೆ ಅಯಾನು ಎಂದು ಹೆಸರು. ಇವೆರಡೂ ಬೆರೆತು, ಒಟ್ಟಿನಲ್ಲಿ ಯಾವ ಪಕ್ಷಕ್ಕೂ ವಾಲದೆ, ಆದರೂ ವಿದ್ಯುತ್ತನ್ನು ಸರಾಗವಾಗಿ ಹರಿಯಗೊಡುವ ಈ ಸ್ಥಿತಿಗೆ ೧೯೨೮ರಲ್ಲಿ ಇರ್ವಿಂಗ್ ಲ್ಯಾಂಗ್‌ಮ್ಯೂರ್ ಎಂಬ ವಿಜ್ಞಾನಿಯು ಪ್ಲಾಸ್ಮಾ ಎಂಬ ಹೆಸರನ್ನಿಟ್ಟನು. ಸೂರ್ಯನ ದೇಹವೆಲ್ಲವೂ ಪ್ಲಾಸ್ಮಾವೇ. ಮುಂಗಾರಿನ ಸಂಜೆಯಲ್ಲಿ ಮಧುಗಿರಿಯ ಏಕಶಿಲಾ ಬೆಟ್ಟದ ಮೇಲೆ ಹೊಳೆದು ಮಾಯವಾಗುವ ಮಿಂಚೂ ಪ್ಲಾಸ್ಮಾವೇ. ಸೂರ್ಯನದು ನಿರಂತರವಾದುದು, ಮಿಂಚಿನದು ಮಿಡಿತದ್ದು. ಮಾನವನು ಯಂತ್ರಶಾಲೆಯಲ್ಲಿ ಪ್ರಬಲವಾದ ಧಾರೆಯನ್ನು ಬಯಸಿದಾಗ ಸೂರ್ಯನನ್ನಲ್ಲ, ಮಿಂಚನ್ನೇ ಗುರುವಾಗಿ ಹಿಡಿಯಬೇಕಾಯಿತು.

ಮಿಡಿತವೇ ಏಕೆ? ಇದಕ್ಕೆ ಕೆರೆಯ ದೃಷ್ಟಾಂತವು ಸಾಕು. ಕಳ್ಳಂಬೆಳ್ಳದ ಕೆರೆಗೆ ಸಣ್ಣ ಹಳ್ಳಗಳಿಂದ ವಾರಗಟ್ಟಲೆ ನೀರು ಬಂದು ಸೇರುವುದು. ತೂಬನ್ನು ಎತ್ತಿದರೆ ಅದೇ ನೀರು ಕಾಲುವೆಯಲ್ಲಿ ಭರದಿಂದ ಹೊರಡುವುದು. ಹಳ್ಳದ ನೀರು ಹೆಚ್ಚಾಗಲಿಲ್ಲ. ಹೊರಡುವ ಕಾಲವು ಕಡಮೆಯಾಯಿತು. ವಿದ್ಯುತ್ತಿನಲ್ಲಿಯೂ ಹಾಗೆಯೇ. ೧೯೨೪ರಲ್ಲಿ ಜರ್ಮನಿಯ ಎರ್ವಿನ್ ಮಾರ್ಕ್ಸ್ ಎಂಬವನು ವಿವರಿಸಿದ ಯಂತ್ರದಲ್ಲಿ ಅನೇಕ ವಿದ್ಯುತ್ ಧಾರಕಗಳನ್ನು ಪಕ್ಕಪಕ್ಕದಲ್ಲಿ ಜೋಡಿಸಿ ಮೆಲ್ಲಗೆ ತುಂಬುವರು. ಬಳಿಕ ಕಿಡಿ ಹಾರುವ ಸಂದುಗಳ ಮೂಲಕ ಅವೆಲ್ಲವನ್ನೂ ಕ್ಷಣಮಾತ್ರದಲ್ಲಿ ಒಂದರ ಹಿಂದೊಂದಾಗಿ ಸರಪಣಿಗಟ್ಟುವರು. ೫೦,೦೦೦ ವೋಲ್ಟಿಗೆ ತುಂಬಿದ ೨೦ ಧಾರಕಗಳು ಹೀಗೆ ಕೂಡಿದರೆ ೧೦ ಲಕ್ಷ ವೋಲ್ಟಿನ ಪೆಟ್ಟು ದೊರೆಯುವುದು. ಆ ಪೆಟ್ಟನ್ನು ಶುದ್ಧಜಲವನ್ನೇ ಅವಾಹಕವಾಗಿ ತುಂಬಿದ ಕೊಳವೆಯ ಮೂಲಕ ಸಾಗಿಸಿ ಇನ್ನೂ ಮೊಟಕುಗೊಳಿಸುವರು. ದೊಡ್ಡ ಕೆರೆಯಿಂದ ಚಿಕ್ಕ ತೊಟ್ಟಿಗೆ, ತೊಟ್ಟಿಯಿಂದ ಪಾತಿಗೆ ಎಂಬಂತೆ ಶಕ್ತಿಯು ಹೆಜ್ಜೆಹೆಜ್ಜೆಗೂ ಕಾಲವನ್ನು ಕಳೆದುಕೊಂಡು ರಭಸವನ್ನು ಪಡೆಯುವುದು.

ಇದರ ಪರಿಣಾಮವನ್ನು ಲೆಕ್ಕದಿಂದಲೇ ನೋಡಬಹುದು. ೧೦ ಲಕ್ಷ ವೋಲ್ಟಿನ ಒತ್ತಡದಲ್ಲಿ ಒಂದು ಲಕ್ಷ ಆಂಪಿಯರಿನ ಪ್ರವಾಹವು ಸೆಕೆಂಡಿನ ಕೋಟಿಯಲ್ಲೊಂದು ಭಾಗದಷ್ಟು ಕಾಲ ಹರಿಯಿತೆಂದು ಇಟ್ಟುಕೊಳ್ಳಿರಿ. ಆ ಅವಧಿಯಲ್ಲಿ ಅದರ ಸಾಮರ್ಥ್ಯವು ಒಂದು ಲಕ್ಷ ಮೆಗಾವಾಟ್. ಎಂದರೆ ಪಾವಗಡದ ಶಕ್ತಿಸ್ಥಳವು ನಡುಹಗಲಿನ ಪೂರ್ಣಬಲದಲ್ಲಿ ಕೊಡಬಲ್ಲುದರ ಸುಮಾರು ೪೯ ಪಟ್ಟು. ಹೀಗೆಂದ ಮಾತ್ರಕ್ಕೆ ವ್ಯಯವಾದ ಶಕ್ತಿಯು ಅಪಾರವೆಂದು ಭ್ರಮಿಸಲಾಗದು. ಅದು ಒಂದು ಕ್ವಿಂಟಾಲು ರಾಗಿಯ ಮೂಟೆಯನ್ನು ಹತ್ತು ಮೀಟರು ಎತ್ತರಕ್ಕೆ ಏರಿಸಲು ಬೇಕಾದಷ್ಟು ಮಾತ್ರ. ಇಬ್ಬರು ಆಳುಗಳು ಕೆಲವು ನಿಮಿಷಗಳಲ್ಲಿ ಮಾಡತಕ್ಕ ಕೆಲಸವೇ, ಎವೆಯಿಕ್ಕುವ ಕಾಲದ ಹತ್ತು ಲಕ್ಷದಲ್ಲೊಂದು ಪಾಲಿನಲ್ಲಿ ನಡೆದರೆ ಹೀಗೆ ಪ್ರಚಂಡವಾಗುವುದು.

ಈಗ ಧಾರೆಯ ವಿಷಯಕ್ಕೆ ಬರೋಣ. ಗಾಳಿಯನ್ನು ಹೊರಗೆ ಸೆಳೆದ ಪಾತ್ರೆಯೊಳಗೆ ಎರಡು ಲೋಹದ ಫಲಕಗಳು ಎದುರುಬದುರಾಗಿ ನಿಂತಿರುವುವು. ಧನಫಲಕದ ಮೈಮೇಲೆ ತೆಳುವಾದ ಪ್ಲಾಸ್ಮಾದ ಹೊದಿಕೆ ಇದ್ದರೆ, ವಿದ್ಯುತ್ತಿನ ಸೆಳೆತವು ಅದರೊಳಗಿನ ಅಯಾನುಗಳನ್ನು ಋಣಫಲಕದ ಕಡೆಗೆ ಎಳೆಯುವುದು. ಆ ಫಲಕದಲ್ಲಿರುವ ಕಂಡಿಗಳ ಮೂಲಕ ಅಯಾನುಗಳು ಧಾರೆಯಾಗಿ ಹೊರಬೀಳುವುವು. ಕೇಳುವುದಕ್ಕೆ ಇದು ಸುಲಭ. ಆದರೆ ಎರಡು ವಿಘ್ನಗಳುಂಟು.

ಒಂದನೆಯದು ದಟ್ಟಣೆಯ ವಿಘ್ನ. ಜಾತ್ರೆಯ ದಿನ ಕಿರಿದಾದ ಬಾಗಿಲಲ್ಲಿ ಮುಂದೆ ಹೋದವರೇ ಹಿಂದಿನವರನ್ನು ತಡೆಯುವಂತೆ, ಮುಂದೆ ಹೊರಟ ಅಯಾನುಗಳು ತಮ್ಮ ಧನವಿದ್ಯುತ್ತಿನಿಂದಲೇ ಹಿಂದೆ ಬರುವವನ್ನು ಹಿಮ್ಮೆಟ್ಟಿಸುವುವು. ಈ ಮಿತಿಯನ್ನು ೧೯೧೧ರಲ್ಲಿ ಚೈಲ್ಡ್ ಎಂಬವನೂ ೧೯೧೩ರಲ್ಲಿ ಮೇಲೆ ಹೇಳಿದ ಲ್ಯಾಂಗ್‌ಮ್ಯೂರನೂ ಲೆಕ್ಕಹಾಕಿ ತೋರಿಸಿದರು. ಜಲಜನಕದ ಅಯಾನುಗಳಿಗೆ ೧೦ ಲಕ್ಷ ವೋಲ್ಟೂ ಒಂದು ಸೆಂಟಿಮೀಟರಿನ ಸಂದೂ ದೊರೆತರೆ, ಚದರ ಸೆಂಟಿಮೀಟರಿಗೆ ಸುಮಾರು ೫೪ ಆಂಪಿಯರಿಗಿಂತ ಹೆಚ್ಚು ಹರಿಯಲಾರದು. ವೋಲ್ಟನ್ನು ನಾಲ್ಕು ಪಟ್ಟು ಮಾಡಿದರೆ ಪ್ರವಾಹವು ಎಂಟು ಪಟ್ಟಾಗುವುದು. ಸಂದನ್ನು ಅರ್ಧಮಾಡಿದರೆ ನಾಲ್ಕು ಪಟ್ಟಾಗುವುದು.

ಎರಡನೆಯ ವಿಘ್ನವು ಎಲೆಕ್ಟ್ರಾನಿನದು. ಕಣದಲ್ಲಿ ರಾಗಿ ತೂರುವವರು ಬಲ್ಲರು: ಒಂದೇ ಗಾಳಿಗೆ ಹೊಟ್ಟು ದೂರ ಹಾರುವುದು, ಕಾಳು ಕಾಲ ಬಳಿ ಬೀಳುವುದು. ಜಲಜನಕದ ಅಯಾನು ಎಲೆಕ್ಟ್ರಾನಿಗಿಂತ ೧,೮೩೬ ಪಟ್ಟು ಭಾರ. ಆದಕಾರಣ ಋಣಫಲಕದಿಂದ ಎದುರುದಿಕ್ಕಿಗೆ ಹಾರುವ ಎಲೆಕ್ಟ್ರಾನುಗಳೇ ಪ್ರವಾಹದ ಸಿಂಹಪಾಲನ್ನು ನುಂಗುವುವು. ಅಯಾನುಗಳಿಗೆ ಒಂದು ಪಾಲು ಸಂದರೆ ಎಲೆಕ್ಟ್ರಾನುಗಳಿಗೆ ೪೩ ಪಾಲು ಸಲ್ಲುವುದು. ಕೂಡಿಟ್ಟ ಶಕ್ತಿಯೆಲ್ಲವೂ ಹೊಟ್ಟಿನ ಪಾಲಾದರೆ ಕಾಳಿನ ಗತಿ ಏನು?

ಈ ವಿಘ್ನವನ್ನು ಗೆಲ್ಲುವ ದಾರಿಯನ್ನು ತೋರಿದವರಲ್ಲಿ ಅಗ್ರಗಣ್ಯರು ಭಾರತೀಯರೊಬ್ಬರೆಂಬುದು ಹೆಮ್ಮೆಯ ಸಂಗತಿ. ರವೀಂದ್ರನಾಥ ಸೂದನ್ ಅವರು ೧೯೩೧ರಲ್ಲಿ ಕಾಶ್ಮೀರದಲ್ಲಿ ಜನಿಸಿದರು. ಜನರು ಟಾಟಾ ಇನ್‌ಸ್ಟಿಟ್ಯೂಟೆಂದು ಕರೆಯುತ್ತಿದ್ದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವ್ಯಾಸಂಗ ಮಾಡಿ, ಲಂಡನ್ನಿಗೆ ತೆರಳಿ ೧೯೫೫ರಲ್ಲಿ ಡಾಕ್ಟರ್ ಪದವಿಯನ್ನು ಪಡೆದು, ಮುಂದೆ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾದರು. ೧೯೭೩ರಲ್ಲಿ ಅವರೂ ಅವರ ಸಹೋದ್ಯೋಗಿಗಳಾದ ರಿಚರ್ಡ್ ಲವ್‌ಲೇಸರೂ ಒಂದು ಉಪಾಯವನ್ನು ಲೆಕ್ಕಸಮೇತವಾಗಿ ಪ್ರಕಟಿಸಿದರು. ಎರಡು ಫಲಕಗಳ ನಡುವೆ ಅಡ್ಡವಾಗಿ ಬಲವಾದ ಕಾಂತಕ್ಷೇತ್ರವನ್ನು ನಿಲ್ಲಿಸಿದರೆ, ಹಗುರವಾದ ಎಲೆಕ್ಟ್ರಾನು ಅದರಲ್ಲಿ ಸುತ್ತಿ ಹಿಂದಕ್ಕೆ ತಿರುಗುವುದು. ಭಾರವಾದ ಅಯಾನು ಕೊಂಚವೇ ಬಾಗಿ ಮುಂದೆ ಹೋಗುವುದು. ಕುರಿಯನ್ನು ನಿಲ್ಲಿಸುವ ಬೇಲಿಯನ್ನು ಆನೆಯು ಲೆಕ್ಕಿಸದಷ್ಟೆ. ಅಷ್ಟೇ ಅಲ್ಲದೆ, ಬೇಲಿಯೊಳಗೆ ತಡೆದು ನಿಂತ ಎಲೆಕ್ಟ್ರಾನುಗಳ ಮೋಡವು ಅಯಾನುಗಳ ಪರಸ್ಪರ ವಿರೋಧವನ್ನು ತಣಿಸಿ, ದಟ್ಟಣೆಯ ಮಿತಿಯನ್ನೂ ಸಡಿಲಿಸುವುದು. ವೈರಿಯಾಗಿದ್ದುದೇ ಸಹಾಯಕವಾಯಿತು. ಕೆಲವೇ ವರ್ಷಗಳಲ್ಲಿ ಈ ಉಪಾಯವು ಪ್ರಯೋಗದಿಂದಲೂ ಸ್ಥಿರಪಟ್ಟಿತು. ೧೯೮೯ರಲ್ಲಿ ಸೂದನ್ ಅವರಿಗೆ ಪ್ಲಾಸ್ಮಾ ವಿಜ್ಞಾನದ ಮ್ಯಾಕ್ಸ್‌ವೆಲ್ ಪಾರಿತೋಷಕವು ಸಂದಿತು. ೨೦೦೯ರಲ್ಲಿ ಅವರು ಕಾಲವಾದರು.

ವಿದ್ಯುತ್ತಿನ ಪೆಟ್ಟು ಸಿದ್ಧವಾಯಿತು. ಕಾಂತದ ಬೇಲಿಯೂ ಸಿದ್ಧವಾಯಿತು. ಇನ್ನು ಉಳಿದುದು ಧನಫಲಕದ ಮೇಲಣ ಆ ತೆಳು ಹೊದಿಕೆ ಮಾತ್ರ. ಎಲ್ಲಕ್ಕಿಂತ ಅಲ್ಪವೆಂದು ತೋರಿದ ಆ ಹೊದಿಕೆಯೇ ಎಲ್ಲಕ್ಕಿಂತ ಕಷ್ಟವಾಗಿ ಪರಿಣಮಿಸಿತು. ಒಳ್ಳೆಯ ಪ್ಲಾಸ್ಮಾ ಮೂಲಕ್ಕೆ ನಾಲ್ಕು ಲಕ್ಷಣಗಳಿರಬೇಕು: ಸಮೃದ್ಧಿ, ಸಕಾಲ, ಸಮತೆ, ಶುದ್ಧಿ. ದಾಸೋಹದ ಮನೆಯನ್ನು ಕಂಡವರಿಗೆ ಈ ನಾಲ್ಕನ್ನೂ ವಿವರಿಸುವುದು ಕಷ್ಟವಲ್ಲ.

ಸಮೃದ್ಧಿಯೆಂದರೆ ಪಂಕ್ತಿಗೆ ಸಾಕಾಗುವಷ್ಟು ಅನ್ನವಿರುವುದು. ಚದರ ಸೆಂಟಿಮೀಟರಿಗೆ ೧೦೦ ಆಂಪಿಯರಿನ ಧಾರೆಯನ್ನು ಎಳೆಯಬೇಕಾದರೆ, ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗಕ್ಕೆ ಎರಡು ಸೆಂಟಿಮೀಟರು ಚಲಿಸುವ ಪ್ಲಾಸ್ಮಾದಲ್ಲಿ ಘನ ಸೆಂಟಿಮೀಟರಿಗೆ ಸುಮಾರು ೩ ಕೋಟಿ ಕೋಟಿ ಅಯಾನುಗಳು ಇರಬೇಕು. ಸಂಖ್ಯೆಯು ದೊಡ್ಡದಾದರೂ, ಮನುಷ್ಯರು ಉಸಿರಾಡುವ ಗಾಳಿಯ ಸಾಂದ್ರತೆಗೆ ಹೋಲಿಸಿದರೆ ಇದು ಲಕ್ಷದಲ್ಲೊಂದೆರಡು ಪಾಲಿಗಿಂತ ಹೆಚ್ಚಲ್ಲ. ಕಡಮೆಯಾದರೆ ಧಾರೆಯು ಹಸಿಯುವುದು. ಹೆಚ್ಚಾದರೂ ಕೆಡುಕೇ, ಅತಿಯಾದ ಪ್ಲಾಸ್ಮಾ ಉಬ್ಬಿ ಎದುರು ಫಲಕವನ್ನು ಮುಟ್ಟಿ ಇಡೀ ಯಂತ್ರವನ್ನು ಮೊಟಕಿಸುವುದು. ಒಂದು ಸೆಂಟಿಮೀಟರಿನ ಸಂದು ಮೇಲೆ ಹೇಳಿದ ವೇಗದಲ್ಲಿ ಸೆಕೆಂಡಿನ ಇಪ್ಪತ್ತು ಲಕ್ಷದಲ್ಲೊಂದು ಭಾಗದೊಳಗೆ ಮುಚ್ಚಿಹೋಗುವುದು. ಧಾರೆಯ ಕಾರ್ಯವೆಲ್ಲವೂ ಅಷ್ಟರೊಳಗೇ ಮುಗಿಯಬೇಕು. ಮಿಡಿತವು ಏಕೆ ಬೇಕೆಂಬುದಕ್ಕೆ ಇದು ಎರಡನೆಯ ಕಾರಣ.

ಸಕಾಲವೆಂದರೆ, ಎಲೆ ಹಾಕುವುದಕ್ಕೆ ಮುಂಚೆ ಅಡಿಗೆ ಆಗಿರುವುದು. ಮೊದಮೊದಲು ರಚಿಸಿದ ಮೂಲಗಳಲ್ಲಿ ಧನಫಲಕದ ಮೇಲೆ ಪ್ಲಾಸ್ಟಿಕ್ಕಿನಂತಹ ಅವಾಹಕವನ್ನು ಹೊದಿಸುತ್ತಿದ್ದರು. ಮುಖ್ಯವಾದ ಪೆಟ್ಟು ಬಿದ್ದಾಗ ಅದರ ಮೈಮೇಲೆ ಕಿಡಿಗಳು ಹರಿದು, ಅದೇ ಒಡೆದು ಪ್ಲಾಸ್ಮಾವಾಗುತ್ತಿತ್ತು. ಸರಳವಾದ ಏರ್ಪಾಟೇನೋ ಹೌದು. ಆದರೆ ಜನರು ಪಂಕ್ತಿಯಲ್ಲಿ ಕುಳಿತ ಮೇಲೆ ಒಲೆ ಹೊತ್ತಿಸಿದಂತೆ, ಕ್ಷಣಿಕವಾದ ಆ ಪೆಟ್ಟಿನ ಒಳ್ಳೆಯ ಭಾಗವು ಪ್ಲಾಸ್ಮಾವನ್ನು ಹುಟ್ಟಿಸುವುದರಲ್ಲಿಯೇ ಕಳೆದುಹೋಗುತ್ತಿತ್ತು. ಇದಕ್ಕೆ ಪರಿಹಾರವಾಗಿ ಎರಡು ಮಾರ್ಗಗಳು ಬೆಳೆದುವು. ರಷ್ಯಾದ ತೋಮ್ಸ್ಕ್ ನಗರದ ವಿಜ್ಞಾನಿಗಳು ಜೋಡಿ ಪೆಟ್ಟನ್ನು ಉಪಯೋಗಿಸಿದರು: ಮೊದಲು ಋಣವಿದ್ಯುತ್ತಿನ ಪೆಟ್ಟಿನಿಂದ ಪ್ಲಾಸ್ಮಾವನ್ನು ಹುಟ್ಟಿಸಿ, ಅದರ ಬೆನ್ನಿಗೇ ಧನವಿದ್ಯುತ್ತಿನ ಪೆಟ್ಟಿನಿಂದ ಅಯಾನುಗಳನ್ನು ಸೆಳೆಯುವುದು. ಕಾರ್ನೆಲಿನವರು ಅನಿಲದ ಮಾರ್ಗವನ್ನು ಹಿಡಿದರು: ಶೀಘ್ರವಾಗಿ ತೆರೆದು ಮುಚ್ಚುವ ಕವಾಟದಿಂದ ಒಂದು ಗುಟುಕು ಅನಿಲವನ್ನು ಬಿಟ್ಟು, ತಂತಿಯ ಸುರುಳಿಯಲ್ಲಿ ವಿದ್ಯುತ್ತನ್ನು ಮಿಡಿಸಿ ಅದನ್ನು ಪ್ಲಾಸ್ಮಾವಾಗಿ ಮಾರ್ಪಡಿಸಿ, ಕಾಂತದ ಒತ್ತಿನಿಂದಲೇ ಧನಫಲಕದ ಸ್ಥಾನಕ್ಕೆ ತಂದು ನಿಲ್ಲಿಸುವುದು. ಮುಖ್ಯವಾದ ಪೆಟ್ಟು ಬರುವ ಹೊತ್ತಿಗೆ ಅಡಿಗೆ ಸಿದ್ಧ. ಕವಾಟ, ಸುರುಳಿ, ಮುಖ್ಯ ಪೆಟ್ಟು ಈ ಮೂರರ ಕಾಲವನ್ನೂ ಒಂದಕ್ಕೊಂದು ಹೊಂದಿಸುವುದೇ ರಚನಕಾರನ ಚಾತುರ್ಯ. ಮೊದಲು ಬೇಗನಾದರೆ ಅನಿಲವು ಸಂದಿನೊಳಕ್ಕೆ ನುಗ್ಗಿ ಕಿಡಿ ಹಾರುವುದು. ತಡವಾದರೆ ಮೂಲವು ಬರಿದಾಗಿರುವುದು.

ಸಮತೆಯೆಂದರೆ ಪಂಕ್ತಿಭೇದವಿಲ್ಲದೆ ಬಡಿಸುವುದು. ಫಲಕದ ಒಂದೆಡೆ ಪ್ಲಾಸ್ಮಾ ದಟ್ಟವಾಗಿ ಮತ್ತೊಂದೆಡೆ ವಿರಳವಾಗಿದ್ದರೆ, ಅದರ ಮೇಲ್ಮೈ ಉಬ್ಬುತಗ್ಗಾಗುವುದು. ಅಯಾನುಗಳು ಆ ಮೇಲ್ಮೈಗೆ ನೇರವಾಗಿ ಹೊರಡುವುದರಿಂದ ಧಾರೆಯು ನಾನಾ ದಿಕ್ಕಿಗೆ ಚೆದರುವುದು. ಕಿಡಿಯಿಂದ ಹುಟ್ಟಿದ ಮೂಲದಲ್ಲಿ ಈ ದೋಷವು ಹೆಚ್ಚು; ಅನಿಲದ ಮೂಲದಲ್ಲಿ ಕಡಮೆ.

ಕೊನೆಯದು ಶುದ್ಧಿ. ಈ ಒಂದು ಲಕ್ಷಣದ ಅಭಾವದಿಂದ ಒಂದು ಮಹಾಯಂತ್ರದ ಗತಿ ಏನಾಯಿತೆಂಬುದನ್ನು ಕೊಂಚ ವಿಸ್ತಾರವಾಗಿಯೇ ಹೇಳಬೇಕು.

ಸೂರ್ಯನ ಗರ್ಭದಲ್ಲಿ ಹಗುರವಾದ ಪರಮಾಣುಗಳು ಬೆಸೆದು ಭಾರವಾದುವು ಹುಟ್ಟುವುವು. ಬೆಳಕೆಲ್ಲವೂ ಅದರ ಫಲ. ಭಾರಜಲಜನಕದ ಸಣ್ಣ ಗುಳಿಗೆಯನ್ನು ಎಲ್ಲ ಕಡೆಗಳಿಂದಲೂ ಏಕಕಾಲದಲ್ಲಿ ಹಿಂಡಿದರೆ ಅದೇ ಬೆಸುಗೆ ಇಲ್ಲಿಯೂ ಆಗುವುದೆಂಬ ನಂಬಿಕೆಯಿಂದ, ಅಮೆರಿಕದ ಸಾಂಡಿಯಾ ಪ್ರಯೋಗಶಾಲೆಯವರು ಆಲ್ಬುಕರ್ಕಿ ಎಂಬಲ್ಲಿ ಒಂದು ಅಯಾನುಯಂತ್ರವನ್ನು ಕಟ್ಟಿದರು. ಚಕ್ರದ ಅರಗಳಂತೆ ೩೬ ವಿದ್ಯುತ್ ಘಟಕಗಳು ಅದರ ನಾಭಿಯ ಕಡೆಗೆ ಮುಖಮಾಡಿ ನಿಂತಿದ್ದುವು. ೧೯೮೫ರ ಡಿಸೆಂಬರಿನಲ್ಲಿ ಅದರ ಮೊದಲನೆಯ ಪ್ರಯೋಗವು ನಡೆಯಿತು. ಗುಳಿಗೆಯ ಮೇಲೆ ಲಿಥಿಯಂ ಎಂಬ ಹಗುರ ಲೋಹದ ಅಯಾನುಗಳನ್ನು ಕೇಂದ್ರೀಕರಿಸಬೇಕೆಂಬುದು ಸಂಕಲ್ಪ. ಅದಕ್ಕಾಗಿ ಧನಫಲಕಕ್ಕೆ ಲಿಥಿಯಂ ಸಂಯುಕ್ತದ ತೆಳು ಲೇಪವನ್ನು ಕೊಟ್ಟರು.

ವಿದ್ಯುತ್ತಿಗೆ ಕೊರತೆ ಇರಲಿಲ್ಲ. ಆದರೆ ಹೊರಬಿದ್ದ ಧಾರೆಯನ್ನು ಪರೀಕ್ಷಿಸಲಾಗಿ, ಲಿಥಿಯಮ್ಮಿನೊಂದಿಗೆ ಜಲಜನಕ, ಇಂಗಾಲಗಳ ಅಯಾನುಗಳೂ ಧಾರಾಳವಾಗಿ ಸೇರಿದ್ದುವು. ಇವು ಎಲ್ಲಿಂದ ಬಂದುವು? ವಾಯುಮಂಡಲದ ಒತ್ತಡದ ೭೬ ಕೋಟಿಯಲ್ಲೊಂದು ಪಾಲಿಗೆ ಪಾತ್ರೆಯ ಒತ್ತಡವನ್ನು ಇಳಿಸಿದರೂ, ಉಳಿದ ಅನಿಲವು ಸುಮಾರು ಒಂದು ಸೆಕೆಂಡಿನಲ್ಲಿಯೇ ಫಲಕದ ಮೈಮೇಲೆ ಅಣುಮಾತ್ರ ದಪ್ಪದ ಪೊರೆಯೊಂದನ್ನು ಹಾಸಬಲ್ಲುದು. ನೀರಾವಿಯ, ಎಣ್ಣೆಯಂಶದ ಆ ಪೊರೆಯು ಕಣ್ಣಿಗೆ ಕಾಣದು, ಕೈಗೆ ತಗಲದು. ಆದರೆ ಪೆಟ್ಟು ಬಿದ್ದಾಗ ಮೊದಲು ಎದ್ದು ಹೊರಡುವುದು ಅದೇ. ಹಗುರವಾದ್ದರಿಂದ ಲಿಥಿಯಮ್ಮಿಗೆ ಸಲ್ಲತಕ್ಕ ಶಕ್ತಿಯ ಪಾಲನ್ನು ಕಸಿಯುವುದೂ ಅದೇ. ಇದರ ಜೊತೆಗೆ ಧಾರೆಯು ಚೆದರುವ ದೋಷವೂ ಕೂಡಿ, ಗುಳಿಗೆಯ ಮೇಲೆ ಬೀಳಬೇಕಾದಷ್ಟು ತೀವ್ರತೆಯು ಬೀಳಲಿಲ್ಲ. ಫಲಕವನ್ನು ಕಾಯಿಸಿ ನೋಡಿದರು. ಮಂದವಾದ ಪ್ಲಾಸ್ಮಾದಿಂದ ಅದರ ಮೈಯನ್ನು ಉಜ್ಜಿ ತೊಳೆದು ನೋಡಿದರು. ಗುಣವು ಕಂಡಿತು, ಗುರಿಗೆ ಸಾಲದಾಯಿತು. ೧೯೯೬ರಲ್ಲಿ ಆ ಯಂತ್ರವನ್ನು ಮಾರ್ಪಡಿಸಿ ಬೇರೊಂದು ವಿಧಾನಕ್ಕೆ ತಿರುಗಿಸಿದರು. ಮನೆಯಷ್ಟು ದೊಡ್ಡ ಯಂತ್ರವು ಒಂದು ಅಣುವಿನ ದಪ್ಪದ ಕೊಳೆಗೆ ಸೋತಿತೆಂದರೆ ಅತಿಶಯೋಕ್ತಿಯಲ್ಲ.

ಹಾಗಾದರೆ ಈ ವಿದ್ಯೆಯು ವ್ಯರ್ಥವಾಯಿತೆ? ಇಲ್ಲ. ಮಿಡಿಯುವ ಅಯಾನುಧಾರೆಯು ಉಕ್ಕಿನ ಮೇಲೆ ಬಿದ್ದಾಗ, ಕೂದಲಿಗಿಂತಲೂ ಬಹಳ ತೆಳುವಾದ ಮೇಲ್ಪದರವು ಮಾತ್ರ ಕರಗಿ, ಕೆಳಗಿನ ತಣ್ಣನೆಯ ಲೋಹವು ಶಾಖವನ್ನು ಹೀರಿಕೊಳ್ಳುವುದರಿಂದ ಮರುಕ್ಷಣವೇ ಗಟ್ಟಿಯಾಗುವುದು. ಕಮ್ಮಾರನು ಕೆಂಪಗೆ ಕಾಯಿಸಿದ ಕುಡುಗೋಲನ್ನು ನೀರಿನಲ್ಲಿ ಅದ್ದಿ ಹದ ಕೊಡುವುದೂ ಈ ತತ್ತ್ವದಿಂದಲೇ. ಇಲ್ಲಿ ತಣಿವು ಅದಕ್ಕಿಂತ ಅನೇಕ ಪಾಲು ಶೀಘ್ರವಾದ್ದರಿಂದ ಮೇಲ್ಮೈಯು ಸವೆತವನ್ನು ಹೆಚ್ಚಾಗಿ ತಡೆಯಬಲ್ಲುದು. ಇದೇ ಕುಲದ ಸೌಮ್ಯವಾದ ಶಾಖೆಯೊಂದು ಆಕಾಶವನ್ನೂ ಏರಿದೆ. ೨೦೧೭ರ ಮೇ ೫ರಂದು ಭಾರತವು ಹಾರಿಸಿದ ಜಿಸ್ಯಾಟ್-೯ ಎಂಬ ಉಪಗ್ರಹದಲ್ಲಿ, ಕ್ಸೆನಾನ್ ಅನಿಲವನ್ನು ಪ್ಲಾಸ್ಮಾ ಮಾಡಿ ಅದರ ಅಯಾನುಗಳನ್ನು ಹಿಂದಕ್ಕೆ ಚಿಮ್ಮಿ ಉಪಗ್ರಹವನ್ನು ತನ್ನ ಸ್ಥಾನದಲ್ಲಿ ನಿಲ್ಲಿಸುವ ಸಾಧನವನ್ನು ಅಳವಡಿಸಿದ್ದರು. ಅಲ್ಲಿಯೂ ಎಲೆಕ್ಟ್ರಾನನ್ನು ತಡೆಯುವುದು ಕಾಂತದ ಬೇಲಿಯೇ.

ಗುಳಿಗೆಯನ್ನು ಹಿಂಡುವ ಪ್ರಯತ್ನವೂ ನಿಂತಿಲ್ಲ. ೨೦೨೨ರ ಡಿಸೆಂಬರ್ ೫ರಂದು ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ, ಅಯಾನಿಗೆ ಬದಲಾಗಿ ಲೇಸರ್ ಬೆಳಕಿನಿಂದ ನಡೆಸಿದ ಪ್ರಯೋಗದಲ್ಲಿ, ಗುರಿಗೆ ಕೊಟ್ಟ ೨.೦೫ ಮೆಗಾಜೂಲಿಗೆ ಪ್ರತಿಯಾಗಿ ೩.೧೫ ಮೆಗಾಜೂಲು ಶಕ್ತಿಯು ಬೆಸುಗೆಯಿಂದ ಹೊರಬಂದಿತು. ಆ ಲೇಸರನ್ನು ನಡೆಸಲು ವ್ಯಯವಾದ ವಿದ್ಯುತ್ತು ಇದಕ್ಕಿಂತ ಎಷ್ಟೋ ಹೆಚ್ಚೆಂಬುದನ್ನೂ ಮರೆಯಲಾಗದು. ಪಾವಗಡದ ಫಲಕಗಳು ಮಲಗಿದ ಮೇಲೆ ಮನೆಮನೆಯ ದೀಪವನ್ನು ಉರಿಸಬಲ್ಲ ಕಿರುಸೂರ್ಯನು ಇನ್ನೂ ಹುಟ್ಟಿಲ್ಲ. ಆದರೆ ಅವನು ಹುಟ್ಟಲಾರನೆಂದು ಹೇಳಲು ಈಗ ಧೈರ್ಯ ಸಾಲದು.

ಈ ಸೀಮೆಯ ಬಾಲಕ ಬಾಲಿಕೆಯರಲ್ಲಿ ಅನೇಕರು ಇಂದು ವಿಜ್ಞಾನವನ್ನು ಓದುತ್ತಿರುವರು. ಭೌತಶಾಸ್ತ್ರವೆಂದರೆ ದೊಡ್ಡ ಯಂತ್ರ, ದೊಡ್ಡ ಹಣ, ದೂರದೇಶ ಎಂದು ಅವರಲ್ಲಿ ಕೆಲವರಾದರೂ ಹಿಂಜರಿಯುವುದುಂಟು. ಮೇಲಣ ವೃತ್ತಾಂತವು ಅವರಿಗೆ ಬೇರೆಯದನ್ನೇ ಹೇಳುವುದು. ಹಣಕ್ಕೂ ಯಂತ್ರಕ್ಕೂ ಕೊರತೆಯಿಲ್ಲದವರು ಸೋತುದು ಒಂದು ಪೊರೆಯನ್ನು ತೊಡೆಯಲಾರದೆ. ಆ ಪೊರೆಯನ್ನು ತೊಡೆಯುವ ಉಪಾಯವೂ, ಅನಿಲದ ಗುಟುಕನ್ನು ಸಕಾಲಕ್ಕೆ ಬಿಡುವ ಕವಾಟವೂ, ಪ್ಲಾಸ್ಮಾವನ್ನು ಸಮವಾಗಿ ಹಾಸುವ ಸುರುಳಿಯೂ ಮೇಜಿನ ಮೇಲೆ ಹಿಡಿಸುವ ವಸ್ತುಗಳು. ತಾಳ್ಮೆಯುಳ್ಳ ಕೈಗೂ ಲೆಕ್ಕ ಬಲ್ಲ ಬುದ್ಧಿಗೂ ಎಟುಕತಕ್ಕವು. ಬರಗಾಲದಲ್ಲಿ ಬಿತ್ತನೆಯ ಬೀಜವನ್ನು ಹಸನುಮಾಡಿ ಮಡಕೆಯಲ್ಲಿ ಕಾಪಾಡಿದ ಮನೆತನಗಳ ಮಕ್ಕಳಿಗೆ, ಬೆಳೆಯ ಭಾಗ್ಯವು ಬೀಜದ ಶುದ್ಧಿಯಲ್ಲಿದೆಯೆಂಬುದನ್ನು ಹೊಸದಾಗಿ ಕಲಿಸಬೇಕಾದುದಿಲ್ಲ.

ಶುಭಮಸ್ತು.